ತಲೆಬರಹದ ಮರುದಿನ

ವೃತ್ತಪತ್ರಿಕೆಯ ಆಯುಸ್ಸು ಒಂದೇ ದಿನ. ಸಂಜೆಗೆ ಅದು ರದ್ದಿ; ಮರುದಿನ ಕಿರಾಣಿ ಅಂಗಡಿಯಲ್ಲಿ ಪುಟಾಣಿ ಕಟ್ಟುವ ಕಾಗದ. ಆದರೆ ಅದರ ತಲೆಬರಹ ಮಾತ್ರ ಜನರ ನಾಲಿಗೆಯ ಮೇಲೆ ಬಹುಕಾಲ ಬದುಕುತ್ತದೆ. ನಾಲ್ಕು ಶಬ್ದಗಳಲ್ಲಿ ಲೋಕವೃತ್ತಾಂತವನ್ನೆಲ್ಲ ಅಡಗಿಸುವ ಅವಸರದಲ್ಲಿ ಅದು ವಿಭಕ್ತಿಯನ್ನು ನುಂಗುತ್ತದೆ, ಕ್ರಿಯಾಪದವನ್ನು ಕೈಬಿಡುತ್ತದೆ, ‘ಆಗಬೇಕಾಗಿದೆ’ ಎಂಬುದನ್ನು ‘ಆಯಿತು’ ಎಂದುಬಿಡುತ್ತದೆ. ಅದನ್ನು ಅಕ್ಷರಶಃ ನಂಬುವ ಸರಳ ಓದುಗನೊಬ್ಬನಿದ್ದರೆ ಏನಾದೀತು? ರವಿವಾರದ ಬಿಡುವಿನಲ್ಲಿ ಈ ವಿನೋದವನ್ನು ತುಸು ಬೆಳೆಸಿ ನೋಡಬಹುದು.

ಅಂಥ ಓದುಗನನ್ನು ಕಲಬುರಗಿಯ ನೆರೆಯ ಶರಣಸಿರಸಗಿಯಲ್ಲಿ ನೆಲೆಗೊಳಿಸೋಣ. ಊರು ನಿಜ, ಘಟನೆಗಳು ಚರಿತ್ರೆಯವು. ಓದುಗನೂ ತಲೆಬರಹಗಳ ಒಕ್ಕಣೆಯೂ ನಮ್ಮ ಕಲ್ಪನೆಯವು.

1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯದ ಗುಲ್ಬರ್ಗ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಒಂದಾದವು. ‘ಗುಲ್ಬರ್ಗ ಮೈಸೂರಿಗೆ ಸೇರ್ಪಡೆ’ ಎಂದು ಓದಿದ ನಮ್ಮ ಮಹಾಶಯನು ನಸುಕಿನಲ್ಲೆದ್ದು ಚಾಮುಂಡಿಬೆಟ್ಟವನ್ನು ಕಾಣಲು ಹೊರಗೆ ಬರುತ್ತಾನೆ. ಕಾಣುವುದು ಅದೇ ಎರೆಭೂಮಿ, ಅದೇ ಹೂವಿಗೆ ಬಂದ ತೊಗರಿ. ಸುಮಾರು 700 ಕಿಲೋಮೀಟರು ದೂರದ ಮೈಸೂರು ರಾತ್ರಿಯಲ್ಲಿ ಒಂದು ಗೇಣೂ ಹತ್ತಿರ ಬಂದಿಲ್ಲ. ಸಾಲದೆಂಬಂತೆ ಹೆಸರು ಮೈಸೂರಿನದು, ರಾಜಧಾನಿ ಬೆಂಗಳೂರು. ಈ ತೊಡಕು ಬಿಡಿಸಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಲು 1973ರವರೆಗೆ ಕಾಯಬೇಕಾಯಿತು. ಆತನು ಶಾಲೆಯ ಕಟ್ಟೆಗೆ ಹೋಗಿ ಕೇಳುತ್ತಾನೆ: “ಮಾಸ್ತರ್ರೆ, ಊರು ಮೈಸೂರಿಗಿ ಹೋಗ್ಯದಂತ್ರಿ, ಮತ್ತ ನಾವ್ಯಾಕ ಇಲ್ಲೇ ಉಳದೀವ್ರಿ?” ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಮರುವರ್ಷ, 1957ರ ಏಪ್ರಿಲ್ 1ರಂದು, ದಶಮಾಂಶ ನಾಣ್ಯ ಬಂದಿತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ, 64 ಪೈಸೆ. ಅಂದಿನಿಂದ 100 ನಯಾ ಪೈಸೆ. ನಿಜಾಮರ ಏಳು ಹಾಲಿ ಸಿಕ್ಕಾ ರೂಪಾಯಿಗೆ ಭಾರತ ಸರಕಾರದ ಆರು ರೂಪಾಯಿ ಎಂಬ ಮಗ್ಗಿಯನ್ನು ಬಾಯಿಪಾಠ ಮಾಡಿದ್ದ ಸೀಮೆಯ ಮನುಷ್ಯನಿಗೆ ಲೆಕ್ಕ ಹೊಸದೇನಲ್ಲ. ‘ಇಂದಿನಿಂದ ರೂಪಾಯಿಗೆ ನೂರು ಪೈಸೆ’ ಎಂದು ಓದಿದ ಕೂಡಲೆ ಆತನು ಬೆರಳು ಮಡಚುತ್ತಾನೆ: ರೂಪಾಯಿಗೆ 36 ಪೈಸೆ ಲಾಭ! ಹತ್ತು ರೂಪಾಯಿ ಇಟ್ಟುಕೊಂಡು ಮಲಗಿದವನು 360 ಪೈಸೆ ಗಳಿಸಿ ಎದ್ದಿದ್ದಾನೆ. ದುಡಿಯದೆ ಸಿಕ್ಕ ಈ ಐಶ್ವರ್ಯವು ಅಂಗಡಿಯವನ ಕಟ್ಟೆಯವರೆಗೂ ಉಳಿಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಭಾಷೆಗೊದಗಿದ ಸಂಕಟ ಇನ್ನೂ ದೊಡ್ಡದು. ಆಣೆ ಹೋದ ಮೇಲೆ ‘ಹದಿನಾರಾಣೆ ಸತ್ಯ’ದ ಗತಿಯೇನು? ಬಿಡಿ ಆಣೆಯೊಂದಕ್ಕೆ ಆರು ನಯಾ ಪೈಸೆ ಎಂಬ ಪರಿವರ್ತನೆಯ ಕೋಷ್ಟಕವನ್ನು ಹಿಡಿದರೆ ಹದಿನಾರು ಬಿಡಿ ಆಣೆಗೆ 96 ಪೈಸೆ ಮಾತ್ರ. ಅಂದಿನಿಂದ ಸತ್ಯಕ್ಕೆ ನಾಲ್ಕು ಪೈಸೆಯ ಕೊರತೆ. ಅದನ್ನು ತಲೆಬರಹ ಬರೆಯುವವರು ಜೇಬಿಗಿಳಿಸಿದರೆಂದು ನಮ್ಮ ಓದುಗ ಶಂಕಿಸಿದರೆ ಪತ್ರಿಕಾಬಂಧುಗಳು ಮುನಿಯಬಾರದು. 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದು ಸೇರು ಮರೆಯಾದಾಗ ‘ಸೇರಿಗೆ ಸವ್ವಾಸೇರು’ ಎಂದು ತೊಡೆ ತಟ್ಟುವವರಿಗೂ ಕಾಯಿದೆಯ ಭಯ ತಟ್ಟಿರಬೇಕು.

2014ರ ನವೆಂಬರ್ 1ರಂದು ‘ಗುಲ್ಬರ್ಗ ಇನ್ನು ಕಲಬುರಗಿ’ಯಾಯಿತು. ಊರವರ ಬಾಯಲ್ಲಿ ಮೊದಲೇ ಇದ್ದ ಹೆಸರನ್ನು ಸರಕಾರವೂ ಕಲಿತುಕೊಂಡಿತು. ಆದರೆ 1980ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಗುಲ್ಬರ್ಗದಲ್ಲೇ ಉಳಿಯಿತು. 2019ರಲ್ಲಿ ಭೌಗೋಳಿಕ ಸೂಚಿಯ ಗೌರವ ಪಡೆದ ತೊಗರಿಬೇಳೆಯೂ ‘ಗುಲ್ಬರ್ಗ’ದ ಹೆಸರಿನಲ್ಲೇ ಪಡೆಯಿತು. ಪತ್ರಿಕೆಯನ್ನೇ ನಂಬಿದವನಿಗೆ ವಿದ್ಯೆಯೂ ಬೇಳೆಯೂ ಇಲ್ಲದ ಊರಿನಿಂದ ಬರುತ್ತಿವೆ! ಅದೇ 2019ರ ಸೆಪ್ಟೆಂಬರ್ 17ರಂದು ಹೈದರಾಬಾದು ಕರ್ನಾಟಕಕ್ಕೆ ‘ಕಲ್ಯಾಣ’ದ ಹೆಸರು ಬಂದಾಗ, ವರ ಯಾರು, ಊಟ ಎಲ್ಲಿ ಎಂದು ಆತನು ವಿಚಾರಿಸಿದ್ದರೆ ಆಶ್ಚರ್ಯವಿಲ್ಲ.

ನಗೆ ಇಲ್ಲಿಗೆ ಸಾಕು. ಆ ಊಟದ ಪ್ರಶ್ನೆ ನಗೆಯದಲ್ಲ. ಏಕೀಕರಣದ ಮರುದಿನ ಆತನು ಮಾಸ್ತರರಿಗೆ ಹಾಕಿದ ಪ್ರಶ್ನೆಯೂ ನಗೆಯದಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಒಪ್ಪಿಸಿದ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ 39 ತಾಲೂಕುಗಳ ಪೈಕಿ 21 ಗುಲ್ಬರ್ಗ ವಿಭಾಗದವು. ‘ನಾವ್ಯಾಕ ಇಲ್ಲೇ ಉಳದೀವಿ’ ಎಂಬ ಅಳಲನ್ನು ಪಂಡಿತರು 46 ವರ್ಷಗಳ ತರುವಾಯ ಅಂಕಿಗಳಲ್ಲಿ ಅನುವಾದಿಸಿದರು. ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಈ ಭಾಗಕ್ಕೆ ಮೀಸಲಾತಿಯನ್ನೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಒದಗಿಸುವ 371(ಜೆ) ವಿಧಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2012ರ ಡಿಸೆಂಬರಿನಲ್ಲಿ. ‘ಸೇರ್ಪಡೆ’ ಎಂಬ ಒಂದು ಶಬ್ದ ಅಚ್ಚಾಗಲು ಒಂದು ರಾತ್ರಿ ಸಾಕಾಯಿತು. ಅದಕ್ಕೆ ಅರ್ಥ ತುಂಬುವ ಕೆಲಸ ತೊಡಗುವುದಕ್ಕೇ 56 ವರ್ಷ ಹಿಡಿಯಿತು.

ಹಾಗಾದರೆ ನಗೆಪಾಟಲಿಗೆ ಯೋಗ್ಯರು ಯಾರು? ಅಚ್ಚಾದ ಮಾತನ್ನು ನಂಬಿದವನೋ, ಅಚ್ಚು ಹಾಕಿ ಮರೆತವರೋ? ತಲೆಬರಹವೂ ಒಂದು ವಾಗ್ದಾನವೇ. ಅದನ್ನು ಅಕ್ಷರಶಃ ಓದುವವನು ದಡ್ಡನಲ್ಲ, ಸಾಲಪತ್ರವನ್ನು ಜೋಪಾನವಾಗಿ ಇಟ್ಟುಕೊಂಡ ಸಾಹುಕಾರ.

ಉಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳಿಗೆ ಹಳೆಯ ಪತ್ರಿಕೆಯ ಒಂದು ತಲೆಬರಹ ಕೊಟ್ಟು, ಮರುದಿನ ಏನಾಗಿರಬಹುದೆಂದು ಬರೆಯಿಸಲಿ. ಮೊದಲು ಮನಸಾರೆ ನಗಲಿ. ಅನಂತರ ನಿಜವಾಗಿ ಏನಾಯಿತೆಂದು ಗ್ರಂಥಾಲಯದಲ್ಲಿ ಹುಡುಕಲಿ. ಅದಕ್ಕಾಗಿ ಗ್ರಂಥಾಲಯಗಳೂ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕದೆ ಕಾಪಾಡಬೇಕು. ಈ ಅಭ್ಯಾಸದಿಂದ ಚರಿತ್ರೆಯೂ ತಿಳಿದೀತು, ಮಾತಿನ ತೂಕವೂ ತಿಳಿದೀತು. ಬರುವ ನವೆಂಬರ್ 1ರ ತಲೆಬರಹ ಬರೆಯಲು ಕುಳಿತವರು, ಶರಣಸಿರಸಗಿಯಲ್ಲಿ ಅದನ್ನು ಪೂರ್ತಿಯಾಗಿ ನಂಬುವವನೊಬ್ಬನಿದ್ದಾನೆಂದು ತಿಳಿದು ಬರೆದರೆ, ಸತ್ಯಕ್ಕೆ ಬಾಕಿಯಿರುವ ಆ ನಾಲ್ಕು ಪೈಸೆಯೂ ಸಂದಾಯವಾದೀತು.