ಪದಚ್ಯುತಿಗೆ ಹೊಗಳಿಕೆ, ಕ್ಷಮಾದಾನಕ್ಕೆ ಮೌನ





ರಾಷ್ಟ್ರಾಧ್ಯಕ್ಷರನ್ನೂ ಕಾನೂನಿಗೆ ತಲೆಬಾಗಿಸುವ ದೇಶವೆಂದು ದಕ್ಷಿಣ ಕೊರಿಯಾವನ್ನು ಮಾದರಿಯಾಗಿ ತೋರಿಸುವ ಬರಹಗಳು ಅಲ್ಲಿನ ಮಾಜಿ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಪ್ರಕರಣದ ಅರ್ಧವನ್ನಷ್ಟೇ ಹೇಳುತ್ತವೆ. ಯಾವ ಸರ್ಕಾರಿ ಹುದ್ದೆಯೂ ಇಲ್ಲದ ಗೆಳತಿ ಚೋಯ್ ಸೂನ್-ಸಿಲ್ ಅಧ್ಯಕ್ಷೆಯ ಭಾಷಣಗಳನ್ನು ತಿದ್ದುತ್ತಿದ್ದುದೂ ಚೋಯ್ ಹಿಡಿತದಲ್ಲಿದ್ದ ಎರಡು ಪ್ರತಿಷ್ಠಾನಗಳಿಗೆ ದೊಡ್ಡ ಉದ್ಯಮಗಳಿಂದ ಹಣ ಹರಿದದ್ದೂ 2016ರಲ್ಲಿ ಬಯಲಾದಾಗ, ಸೋಲ್ ನಗರದಲ್ಲಿ ಲಕ್ಷಾಂತರ ಜನರು ವಾರವಾರವೂ ಮೇಣದಬತ್ತಿ ಹಿಡಿದು ಬೀದಿಗಿಳಿದರು. ಡಿಸೆಂಬರ್ 9ರಂದು ಸಂಸತ್ತಿನ 300 ಸದಸ್ಯರಲ್ಲಿ 234 ಮಂದಿ ಮಹಾಭಿಯೋಗದ, ಅಂದರೆ ಅಧ್ಯಕ್ಷರ ಮೇಲಿನ ದೋಷಾರೋಪಣೆಯ, ಪರ ಮತ ಹಾಕಿದರು. 2017ರ ಮಾರ್ಚ್ 10ರಂದು ಸಂವಿಧಾನ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಪಾರ್ಕ್ ಅವರನ್ನು ಪದಚ್ಯುತಗೊಳಿಸಿದರು. ಇಷ್ಟು ಮೆಚ್ಚತಕ್ಕದ್ದೇ.

ಆದರೆ ಲಂಚ ಮತ್ತಿತರ ಅಪರಾಧಗಳಿಗಾಗಿ ಪಾರ್ಕ್ ಅವರಿಗೆ ವಿಧಿಸಿದ್ದ, 2021ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ 20 ವರ್ಷಗಳ ಸೆರೆವಾಸವನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧ್ಯಕ್ಷ ಮೂನ್ ಜೇ-ಇನ್ ರಾಷ್ಟ್ರೀಯ ಐಕ್ಯತೆಯ ಹೆಸರಿನಲ್ಲಿ ಮನ್ನಾ ಮಾಡಿದರು. ಲಂಚದಂತಹ ಅಪರಾಧಗಳಿಗೆ ಕ್ಷಮೆಯಿಲ್ಲವೆಂದು ಚುನಾವಣೆಯಲ್ಲಿ ಮಾತು ಕೊಟ್ಟಿದ್ದವರೂ ಇವರೇ. ಆ ದೇಶದಲ್ಲಿ ಒಂದು ಬಗೆಯ ಅಪರಾಧ ಮಾಡಿದವರೆಲ್ಲರಿಗೂ ಅನ್ವಯಿಸುವ ಸಾಮಾನ್ಯ ಕ್ಷಮಾದಾನಕ್ಕೆ ಸಂಸತ್ತಿನ ಒಪ್ಪಿಗೆ ಬೇಕು. ಹೆಸರಿಸಿದ ವ್ಯಕ್ತಿಗೆ ನೀಡುವ ವಿಶೇಷ ಕ್ಷಮಾದಾನಕ್ಕೆ ಅದು ಬೇಕಿಲ್ಲ. ಕಟ್ಟುನಿಟ್ಟು ಹೆಚ್ಚು ಅಗತ್ಯವಿರುವ ಕಡೆಯೇ ಬಾಗಿಲು ತೆರೆದಿದೆ.

ಇದು ಹಳೆಯ ರೂಢಿ. ಸೇನಾದಂಗೆ ಮತ್ತು ಭ್ರಷ್ಟಾಚಾರಕ್ಕಾಗಿ ಶಿಕ್ಷೆಗೊಳಗಾಗಿದ್ದ ಮಾಜಿ ಅಧ್ಯಕ್ಷರಾದ ಚುನ್ ಡೂ-ಹ್ವಾನ್ ಮತ್ತು ರೋ ಟೇ-ವೂ 1997ರಲ್ಲಿ ಹೀಗೆಯೇ ಬಿಡುಗಡೆಯಾದರು. ಅದಕ್ಕೆ ಸಮ್ಮತಿಸಿದ ನಿಯೋಜಿತ ಅಧ್ಯಕ್ಷ ಕಿಮ್ ಡೇ-ಜಂಗ್ ಅವರಿಗೆ ಚುನ್ ಆಡಳಿತವೇ ಹಿಂದೆ ಮರಣದಂಡನೆ ವಿಧಿಸಿದ್ದನ್ನು ನೆನೆದರೆ ಆ ಔದಾರ್ಯ ದೊಡ್ಡದೆನಿಸುತ್ತದೆ. ಚುನ್ ಮಾತ್ರ ಗ್ವಾಂಗ್‌ಜು ನಗರದಲ್ಲಿ ನಡೆದ ಪ್ರತಿಭಟನಾಕಾರರ ಹತ್ಯಾಕಾಂಡಕ್ಕೆ ಕ್ಷಮೆ ಕೇಳದೆ, ದಂಡವನ್ನು ಪೂರ್ತಿಯಾಗಿ ಕಟ್ಟದೆ 2021ರ ನವೆಂಬರ್‌ನಲ್ಲಿ ತೀರಿಕೊಂಡರು. ಪಾರ್ಕ್ ಅವರಿಗೆ ಕ್ಷಮೆ ಸಿಕ್ಕಿದ್ದು ಮರುತಿಂಗಳೇ.

ಪಾರ್ಕ್ ಹಗರಣದ ತನಿಖೆಯಲ್ಲಿ ಮುಂದಾಳಾಗಿದ್ದು, ಮತ್ತೊಬ್ಬ ಮಾಜಿ ಅಧ್ಯಕ್ಷ ಲೀ ಮ್ಯುಂಗ್-ಬಾಕ್ ಅವರನ್ನೂ ಜೈಲಿಗೆ ಕಳಿಸಿದ ಪ್ರಾಸಿಕ್ಯೂಟರ್ ಯೂನ್ ಸುಕ್-ಯೋಲ್, ತಾವೇ ಅಧ್ಯಕ್ಷರಾದ ಮೇಲೆ 2022ರಲ್ಲಿ ಲೀ ಅವರನ್ನು ಕ್ಷಮಿಸಿದರು. ಅದೇ ಯೂನ್ 2024ರ ಡಿಸೆಂಬರ್ 3ರ ರಾತ್ರಿ ಸೇನಾ ಕಾನೂನು ಘೋಷಿಸಿ, 2025ರ ಏಪ್ರಿಲ್‌ನಲ್ಲಿ ಪದಚ್ಯುತರಾದರು. ಕ್ಷಮಾದಾನವೇ ಇದಕ್ಕೆ ಕಾರಣವೆನ್ನಲಾಗದು. ಹಿಂದಿನವರ ಸೆರೆವಾಸ ಅವರನ್ನು ಅಂಜಿಸಲಿಲ್ಲವೆಂಬುದಂತೂ ಸ್ಪಷ್ಟ. ಮಾಜಿ ಅಧ್ಯಕ್ಷರಿಗೆ ನೀಡುವ ಕ್ಷಮೆಗೂ ಸಂಸತ್ತಿನ ಒಪ್ಪಿಗೆ ಕಡ್ಡಾಯವಾಗುವವರೆಗೆ, ಈ ವಿಷಯದಲ್ಲಿ ಕೊರಿಯಾವನ್ನು ಮಾದರಿಯೆಂದು ಕರೆಯುವುದು ಸಲ್ಲದು.

— ಓದುಗರೊಬ್ಬರು, ಮೈಸೂರು