ಅಜ್ಜಿಗೂ ಒಂದು ಟೈಮ್‌ಟೇಬಲ್ ಇದೆ

"ಹೇಗಿದ್ರೂ ನೀನು ಮನೇಲೇ ಇರ್ತೀಯಲ್ಲಮ್ಮ."

ಏಪ್ರಿಲ್ ಬಂದರೆ ಸಾಕು, ಜಯನಗರ, ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮನೆಗಳ ಫೋನುಗಳಲ್ಲಿ ಈ ಮಾತು ಕೇಳಿಸುತ್ತೆ. ಹೇಳೋರು ಮಗಳೋ, ಮಗನೋ. ಕೇಳಿಸಿಕೊಳ್ಳೋರು ಅಜ್ಜಿ. ಮಗುವಿಗೆ ಸ್ಕೂಲ್ ರಜ, ಅಪ್ಪ ಅಮ್ಮ ಇಬ್ಬರಿಗೂ ಆಫೀಸು, ಒಂದು ವಾರ ಅಜ್ಜಿ ಮನೇಲಿ ಬಿಟ್ಟರೆ ಎಲ್ಲ ಸರಿಹೋಗುತ್ತೆ ಅನ್ನೋ ಲೆಕ್ಕ. ಇದರಲ್ಲಿ ಕೆಟ್ಟ ಉದ್ದೇಶ ಏನೂ ಇಲ್ಲ. ಆದರೆ ಮಾಹಿತಿ ತಪ್ಪು. ಅಜ್ಜಿ ಮನೇಲಿ ಇರೋದಿಲ್ಲ.

ಇದನ್ನು ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ಕಾಲೇಜು ಸೇರಿದಾಗಿನಿಂದ ನಾನು ಇರೋದು ಬನಶಂಕರಿ ಎರಡನೇ ಹಂತದಲ್ಲಿರೋ ನಮ್ಮ ಅಜ್ಜಿ ಮನೇಲಿ. (ಪಿಜಿಗಿಂತ ಅಗ್ಗ, ಸಾರು ಅದಕ್ಕಿಂತ ಸಾವಿರ ಪಾಲು ವಾಸಿ.) ಅವರ ವಾರ ಹೀಗಿರುತ್ತೆ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಭಜನಾ ಮಂಡಳಿಯ ಪ್ರ್ಯಾಕ್ಟೀಸ್, ಸರದಿ ಪ್ರಕಾರ ಒಬ್ಬೊಬ್ಬರ ಮನೇಲಿ. ಬುಧವಾರ, ಶನಿವಾರ ಬೆಳಿಗ್ಗೆ ಸಂಗೀತ ಪಾಠ. ಗುರುವಾರ ಸಂಜೆ ಜಯನಗರ ಐದನೇ ಬ್ಲಾಕಿನ ರಾಯರ ಮಠ. ಶುಕ್ರವಾರ ಮನೆಯ ಪೂಜೆ, ಅವತ್ತು ಮಾತ್ರ ಎಲ್ಲೂ ಹೋಗಲ್ಲ. ರಾಮೋತ್ಸವದ ಸಮಯ ಬಂತು ಅಂದ್ರೆ ಇದರ ಮೇಲೆ ಸಂಜೆಯ ಕಚೇರಿಗಳು ಬೇರೆ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ ಶುರುವಾಗಿದ್ದು 1939ರಲ್ಲಿ. ಫೋರ್ಟ್ ಹೈಸ್ಕೂಲ್ ಮೈದಾನದ ಅದರ ಪೆಂಡಾಲಿನಲ್ಲಿ ಹಾಡದ ದೊಡ್ಡ ವಿದ್ವಾಂಸರು ಕಡಿಮೆ. ಮೊದಲೆಲ್ಲ ಕಚೇರಿ ಬಿಡೋ ಹೊತ್ತಿಗೆ ಯಾರಾದರೂ ಸ್ಕೂಟರ್ ತಗೊಂಡು ಹೋಗಿ ಕಾಯಬೇಕಿತ್ತು. 2017ರಲ್ಲಿ ಗ್ರೀನ್ ಲೈನ್ ಬಂದ ಮೇಲೆ ಬನಶಂಕರಿಯಲ್ಲಿ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯೋದು ಅಷ್ಟೆ. ಅಜ್ಜಿ, ಅವರ ಮೂವರು ಸ್ನೇಹಿತೆಯರು, ಒಂದು ಫ್ಲಾಸ್ಕ್ ಕಾಫಿ. ನಾವು ಶೇ. 75 ಅಟೆಂಡೆನ್ಸ್‌ಗೆ ಒದ್ದಾಡ್ತೀವಿ. ಅಜ್ಜಿ ಮಳೆ ಬಂದರೂ ಪಾಠ ತಪ್ಪಿಸಲ್ಲ.

"ಅದೆಲ್ಲ ಟೈಮ್‌ಪಾಸ್ ತಾನೇ, ಒಂದು ವಾರ ಬಿಟ್ಟರೆ ಏನಾಗುತ್ತೆ?" ಅಂತ ಕೇಳೋರಿದ್ದಾರೆ. ನನ್ನ ತಕರಾರು ಇರೋದೇ ಇಲ್ಲಿ.

ನಮ್ಮ ಅಜ್ಜಿಯ ತಲೆಮಾರಿನ ಹುಡುಗಿಯರಿಗೆ ಸಂಗೀತ ಕಲಿಸಿದ್ದು ಯಾಕೆ ಗೊತ್ತಾ? ಹೆಣ್ಣು ನೋಡೋ ಶಾಸ್ತ್ರಕ್ಕೆ. ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, "ಹುಡುಗಿಗೆ ಹಾಡು ಬರುತ್ತಾ?" ಅನ್ನೋರು. ಆಗ ಒಂದು ದೇವರನಾಮ ಹಾಡಬೇಕು, ಧ್ವನಿ ನಡುಗಬಾರದು, ತುಂಬಾ ಉದ್ದವೂ ಆಗಬಾರದು. ನಾವು ಪ್ಲೇಸ್‌ಮೆಂಟ್‌ಗೆ ಅಂತ ಲೀಟ್‌ಕೋಡ್ ಬಡಿದುಕೊಳ್ತೀವಲ್ಲ, ಅದೇ. ಆಫರ್ ಲೆಟರ್ ಬಂದ ಮೇಲೆ ಬೈನರಿ ಟ್ರೀ ತಿರುವಿಹಾಕೋದನ್ನ ಯಾರು ಪ್ರ್ಯಾಕ್ಟೀಸ್ ಮಾಡ್ತಾರೆ? ಮದುವೆ ಆಯ್ತು, ಹಾರ್ಮೋನಿಯಂ ಅಟ್ಟಕ್ಕೆ ಹೋಯ್ತು. ಅತ್ತೆ ಮನೇಲಿ ಬೆಳಿಗ್ಗೆ ಹೊತ್ತು ಕೂತು ಸಾಧನೆ ಮಾಡೋ ಸೊಸೆಯನ್ನ ಯಾರೂ ಬೈಯಲಿಲ್ಲವಂತೆ. ಆದರೆ ಹಾಲು ಉಕ್ಕೋದು, ಮಗು ಅಳೋದು, ಬಾಗಿಲಲ್ಲಿ ಯಾರೋ ಕರೆಯೋದು, ಎಲ್ಲ ಅದೇ ಹೊತ್ತಿಗೆ. ನಲವತ್ತು ವರ್ಷ ಹೀಗೇ ಕಳೆದವು. ಮಕ್ಕಳ ಮದುವೆ, ಬಾಣಂತನ, ಮನೆ ಸಾಲ ಎಲ್ಲ ಮುಗಿದ ಮೇಲೆ, ಅರವತ್ತೊಂದನೇ ವಯಸ್ಸಿನಲ್ಲಿ ಅಜ್ಜಿ ಮತ್ತೆ ಸರಳೆ ವರಸೆಯಿಂದ ಶುರು ಮಾಡಿದರು. ಪಕ್ಕದಲ್ಲಿ ಕೂತು ಕಲಿಯೋರು ಎಂಟು ವರ್ಷದ ಮಕ್ಕಳು.

ಸಾರ್ವಜನಿಕವಾಗಿ ಹಾಡೋ ಹಕ್ಕು ಕೂಡ ಹೆಂಗಸರಿಗೆ ಸುಲಭವಾಗಿ ಸಿಕ್ಕಿದ್ದಲ್ಲ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ (1878–1952). ಅದೇ ಜಾಗದ ಆರಾಧನೆಯಲ್ಲಿ ಹಾಡೋಕೆ ಹೆಂಗಸರಿಗೆ ಅವಕಾಶ ಇರಲಿಲ್ಲ. ಆಕೆ ಸುಮ್ಮನಿರದೆ ಹೆಂಗಸರದ್ದೇ ಬೇರೆ ಆರಾಧನೆ ನಡೆಸಿದರು, ವರ್ಷಗಟ್ಟಲೆ ಜಗ್ಗಾಡಿದರು, ಕೊನೆಗೆ ಬಾಗಿಲು ತೆಗೆಸಿದರು. ನಮ್ಮ ಏರಿಯಾದ ಭಜನಾ ಮಂಡಳಿಯ ಅಜ್ಜಿಯರು ಅಂಥ ಹೋರಾಟಗಾರರೇನಲ್ಲ. ಅವರ ಜಗಳ ಬರೀ ಮಂಗಳವಾರ ಮಧ್ಯಾಹ್ನದ ಎರಡು ಗಂಟೆಗೆ.

ಕಳೆದ ಏಪ್ರಿಲ್‌ನಲ್ಲಿ ಆ ಎರಡು ಗಂಟೆ ಹೇಗೆ ಹೋಯ್ತು ನೋಡಿ. ವೈಟ್‌ಫೀಲ್ಡ್‌ನಲ್ಲಿರೋ ಚಿಕ್ಕಮ್ಮ ಏಳು ವರ್ಷದ ಮಗನನ್ನ ಒಂದು ವಾರಕ್ಕೆ ಬಿಟ್ಟು ಹೋದರು. (ವೈಟ್‌ಫೀಲ್ಡ್‌ನಿಂದ ಬನಶಂಕರಿಗೆ ಬರೋದು ನಮ್ಮ ಮನೇಲಿ ವಿದೇಶ ಪ್ರಯಾಣದ ಲೆಕ್ಕ.) ಹುಡುಗನ ಬ್ಯಾಗಿಗಿಂತ ಮೊದಲು ಅವನ ಟೈಮ್‌ಟೇಬಲ್ ವಾಟ್ಸಾಪ್‌ನಲ್ಲಿ ಬಂದಿತ್ತು. ಒಂಬತ್ತರಿಂದ ಹನ್ನೆರಡು ಸಮ್ಮರ್ ಕ್ಯಾಂಪ್, ಮೂರಕ್ಕೆ ಆನ್‌ಲೈನ್ ಕೋಡಿಂಗ್ ಕ್ಲಾಸ್, ಐದಕ್ಕೆ ಸ್ಕೇಟಿಂಗ್. ಅಜ್ಜಿ ಅದನ್ನ ಶ್ರದ್ಧೆಯಿಂದ ಗೋಡೆಯ ಕ್ಯಾಲೆಂಡರಿಗೆ ಬರೆದುಕೊಂಡರು. ಶನಿವಾರದ ಚೌಕದಲ್ಲಿ ಬರೆಯೋಕೆ ಜಾಗ ಇರಲಿಲ್ಲ, ಅಲ್ಲಿ ಮೊದಲೇ ಪೆನ್ಸಿಲ್‌ನಲ್ಲಿ "ಉಗಾಭೋಗ – ನಾನು" ಅಂತಿತ್ತು.

ಅವತ್ತು ಹತ್ತಿರದ ದೇವಸ್ಥಾನದ ರಾಮೋತ್ಸವದಲ್ಲಿ ಮಂಡಳಿಗೆ ಒಂದು ಗಂಟೆ ಸಿಕ್ಕಿತ್ತು. ಗುಂಪಿನಲ್ಲಿ ಹಾಡೋದು ಒಂದು ಥರ, ತಪ್ಪಿದರೆ ಪಕ್ಕದವರ ದನಿ ಮುಚ್ಚಿಬಿಡುತ್ತೆ. ಉಗಾಭೋಗ ಹಾಗಲ್ಲ. ದಾಸರ ನಾಲ್ಕಾರು ಸಾಲು, ತಾಳದ ಕಟ್ಟಿಲ್ಲ, ರಾಗವನ್ನೂ ಹಾಡೋರೇ ಆರಿಸಿಕೊಳ್ಳಬೇಕು. ಒಬ್ಬರೇ ಹಾಡಬೇಕು. ಏಳು ವರ್ಷ ಕಲಿತ ಮೇಲೆ ಮೊದಲ ಸಲ ಅಜ್ಜಿಗೆ ಅದನ್ನ ಕೊಟ್ಟಿದ್ದರು.

ಮಂಗಳವಾರ ಮೂರಕ್ಕೆ ಪ್ರ್ಯಾಕ್ಟೀಸ್, ಮೂರಕ್ಕೇ ಕೋಡಿಂಗ್ ಕ್ಲಾಸ್. ಲ್ಯಾಪ್‌ಟಾಪ್ ಎರಡು ಸಲ ಹ್ಯಾಂಗ್ ಆಯ್ತು, ಹುಡುಗ ಎದ್ದು ಓಡಿದ, ಅಜ್ಜಿ ಅವನನ್ನ ಹಿಡಿದು ಕೂರಿಸಿಕೊಂಡು ಬೆಕ್ಕೊಂದು ಪರದೆ ಮೇಲೆ ಹತ್ತು ಹೆಜ್ಜೆ ನಡೆಯೋದನ್ನ ನೋಡ್ತಾ ಕೂತರು. ಸಂಜೆ ಮಂಡಳಿಯ ಗ್ರೂಪಿನಲ್ಲಿ ಒಬ್ಬರ ಮೆಸೇಜ್: "ನಿಮಗೆ ಕಷ್ಟ ಆದ್ರೆ ಹೇಳಿ, ಉಗಾಭೋಗ ನಾನು ಹಾಡ್ತೀನಿ, ಬೇಜಾರಿಲ್ಲ." ತುಂಬಾ ಮರ್ಯಾದೆಯ ಮೆಸೇಜ್. ಅಜ್ಜಿ ಓದಿ, ಕನ್ನಡಕ ತೆಗೆದಿಟ್ಟು, ಹುಳಿಗೆ ತರಕಾರಿ ಹೆಚ್ಚೋಕೆ ಹೋದರು. ಉತ್ತರ ಬರೆಯಲಿಲ್ಲ.

ಬುಧವಾರ ಅಜ್ಜಿ ಯಾರನ್ನೂ ಕೇಳಲಿಲ್ಲ. ಕ್ಯಾಂಪಿಗೆ ಚಕ್ಕರ್ ಹೊಡೆಸಿ ಹುಡುಗನನ್ನ ಪಾಠಕ್ಕೆ ಕರಕೊಂಡು ಹೋದರು. ಅಲ್ಲಿ ಮೇಷ್ಟ್ರು ಅವನಿಗೆ ಕೊಟ್ಟ ಕೆಲಸ ಒಂದೇ, ಆದಿತಾಳ ಹಾಕೋದು. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ಮಧ್ಯದ ಬೆರಳು, ಆಮೇಲೆ ಪೆಟ್ಟು ತಿರುವು, ಪೆಟ್ಟು ತಿರುವು. ಎಂಟು. ಮಕ್ಕಳು ಸರಳೆಯನ್ನ ಮೂರು ಕಾಲದಲ್ಲಿ ಹಾಡಿದರು. ಮೊದಲನೇ ಕಾಲದಲ್ಲಿ ಒಂದು ಎಣಿಕೆಗೆ ಒಂದು ಸ್ವರ, ಎರಡನೇದರಲ್ಲಿ ಎರಡು, ಮೂರನೇದರಲ್ಲಿ ನಾಲ್ಕು. ಹುಡುಗ ಕೇಳಿದನಂತೆ: "ಹಾಡು ಫಾಸ್ಟ್ ಆಯ್ತಲ್ಲ, ಕೈ ಯಾಕೆ ಫಾಸ್ಟ್ ಆಗಲಿಲ್ಲ?" ಇಸಿ ಬ್ರಾಂಚಿನವರು ನಗಬೇಡಿ, ಕ್ಲಾಕ್ ಬದಲಾಗದೇ ಡೇಟಾ ರೇಟ್ ಮಾತ್ರ ದುಪ್ಪಟ್ಟಾಗೋದು ನಮಗೆ ಎಷ್ಟನೇ ಸೆಮಿಸ್ಟರಿನಲ್ಲಿ ಅರ್ಥ ಆಯ್ತು? ಮಾಯಾಮಾಳವಗೌಳ ರಾಗದಲ್ಲಿ ಈ ಪಾಠಕ್ರಮವನ್ನ ಕಟ್ಟಿದವರು ಪುರಂದರದಾಸರು ಅಂತ ಸಂಪ್ರದಾಯ ಹೇಳುತ್ತೆ. ಹದಿನಾರನೇ ಶತಮಾನದಿಂದ ಇದರ ಸಿಲೆಬಸ್ ರಿವೈಸ್ ಆಗಿಲ್ಲ, ಆಗೋ ಅಗತ್ಯವೂ ಬಿದ್ದಿಲ್ಲ.

ಗುರುವಾರ ಅವನು ಅಜ್ಜಿಯ ಶ್ರುತಿಪೆಟ್ಟಿಗೆ ಬಿಚ್ಚೋಕೆ ಸ್ಕ್ರೂಡ್ರೈವರ್ ಕೇಳಿದ. ಅದರ ಕಥೆ ನಮ್ಮ ಓದುಗರಿಗೆ ಗೊತ್ತಿರಬೇಕು. ತಂಬೂರಿ ಮೀಟೋಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕು. ಒಬ್ಬರೇ ಕೂತು ಸಾಧನೆ ಮಾಡೋರು ಏನು ಮಾಡಬೇಕು? ಈ ಸಮಸ್ಯೆಗೆ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ಉತ್ತರ ಕೊಟ್ಟವರು ನಮ್ಮ ಬೆಂಗಳೂರಿನವರೇ, ಕೊಳಲು ನುಡಿಸೋ ಇಂಜಿನಿಯರ್ ಜಿ. ರಾಜ್ ನಾರಾಯಣ್. 1970ರ ದಶಕದ ಕೊನೆಯಲ್ಲಿ ಅವರು ಶುರು ಮಾಡಿದ ರಾಡೆಲ್ ಕಂಪನಿಯ ಪೆಟ್ಟಿಗೆಗಳು ಇವತ್ತು ಎಷ್ಟೋ ಕಚೇರಿಗಳ ವೇದಿಕೆ ಮೇಲೂ ಇವೆ, ಎಷ್ಟೋ ಅಜ್ಜಿಯರ ದೇವರ ಮನೆಯಲ್ಲೂ ಇವೆ. ಈಗಂತೂ ಫೋನಿನಲ್ಲೇ ಆ್ಯಪ್ ಬಂದಿದೆ. ಜೊತೆಗೊಬ್ಬರು ಬೇಕು ಅನ್ನೋ ತೊಂದರೆಯನ್ನ ಇಂಜಿನಿಯರಿಂಗ್ ಪರಿಹರಿಸಿತು. ಯಾರೂ ಕರೆಯದ ಎರಡು ಗಂಟೆಯನ್ನ ಮಾತ್ರ ಮನೆಯವರೇ ಕೊಡಬೇಕು, ಅದಕ್ಕೆ ಆ್ಯಪ್ ಇಲ್ಲ.

"ಮೊಮ್ಮಗ ಬಂದ್ರೆ ಅಜ್ಜಿಗೆ ಖುಷಿ ಆಗಲ್ವಾ?" ಅಂತ ನನ್ನ ಫ್ರೆಂಡ್ ಒಬ್ಬ ವಾದ ಹಾಕಿದ. ಆಗುತ್ತೆ ಮಾರಾಯ. ಕೋಡುಬಳೆ ಡಬ್ಬಿ ತುಂಬಿದ್ದನ್ನ ನೋಡಿದರೇ ಗೊತ್ತಾಗುತ್ತೆ. ಆದರೆ ಖುಷಿ ಇದೆ ಅನ್ನೋದು ಬಿಡುವು ಇದೆ ಅನ್ನೋದಕ್ಕೆ ಸಾಕ್ಷಿ ಹೇಗಾಗುತ್ತೆ? ಕಾಲೇಜ್ ಫೆಸ್ಟ್ ಅಂದ್ರೆ ನಮಗೂ ಖುಷಿನೇ, ಹಾಗಂತ ಇಂಟರ್ನಲ್ಸ್ ದಿನ ಇಟ್ಟರೆ ಸುಮ್ಮನಿರ್ತೀವಾ? ಅಜ್ಜಿಯರು ಜಗಳ ಮಾಡಲ್ಲ. ಹಾಗಾಗಿ ಅವರಿಗೆ ತೊಂದರೆ ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ.

ತಮಾಷೆ ಏನಂದ್ರೆ, ಚಿಕ್ಕಮ್ಮನ ಟೈಮ್‌ಟೇಬಲಿನಲ್ಲಿ ಭಾನುವಾರಕ್ಕೆ "ಮ್ಯೂಸಿಕ್ ಎಕ್ಸ್‌ಪೋಷರ್" ಅಂತಾನೇ ಒಂದು ಐಟಂ ಇತ್ತು. ಜೆ.ಪಿ. ನಗರ ಏಳನೇ ಹಂತದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂ. 2019ರಲ್ಲಿ ಬಾಗಿಲು ತೆರೆದದ್ದು. ಒಳ್ಳೇ ಜಾಗ, ನೀವೂ ಹೋಗಿ. ಹೊರಗಿನ ಸೌಂಡ್ ಗಾರ್ಡನ್ನಿನಲ್ಲಿ ಮಕ್ಕಳು ವಾದ್ಯಗಳನ್ನ ಬಾರಿಸಿ, ಮುಟ್ಟಿ ನೋಡಬಹುದು, ಭೌತಶಾಸ್ತ್ರದ ಪಾಠವೂ ಆಗುತ್ತೆ. ಆದರೆ ಅಜ್ಜಿಯ ಸಾಧನೆ ನಿಲ್ಲಿಸಿ, ಮಗುವನ್ನ ಸಂಗೀತದ ಪರಿಚಯಕ್ಕೆ ಅಂತ ಟಿಕೆಟ್ ತಗೊಂಡು ಹೊರಗೆ ಕರಕೊಂಡು ಹೋಗೋ ಲೆಕ್ಕ ನನಗಂತೂ ಹಿಡಿಸಲಿಲ್ಲ.

ಮಗುವಿನ ವಾರದೊಳಗೆ ಅಜ್ಜಿಯನ್ನ ತುರುಕೋದು ಬಿಟ್ಟು, ಅಜ್ಜಿಯ ವಾರದೊಳಗೆ ಮಗುವನ್ನ ಕೂರಿಸಿ. ನಾನು ಹೇಳ್ತಿರೋದು ಇಷ್ಟೇ. ಮಗು ಬೋರ್ ಆಗುತ್ತೆ ಅಂತೀರಾ? ಆಗಲಿ. ಸ್ವಲ್ಪ ಹೊತ್ತು ಬೋರಾಗಿ ಕೂತ ಮಗುವೇ ಆಮೇಲೆ ಕೈ ಯಾಕೆ ಫಾಸ್ಟ್ ಆಗಲಿಲ್ಲ ಅಂತ ಕೇಳೋದು.

ಇದು ಎಲ್ಲ ಅಜ್ಜಿಯರ ಕಥೆ ಅಲ್ಲ ಅನ್ನೋದೂ ನನಗೆ ಗೊತ್ತು. ನಮ್ಮ ಮನೆಗೆ ಕೆಲಸಕ್ಕೆ ಬರೋ ಅಮ್ಮ ಕನಕಪುರದ ಕಡೆಯವರು, ಅವರೂ ಅಜ್ಜಿನೇ. ರಜದಲ್ಲಿ ಮೊಮ್ಮಗಳು ಜೊತೆಗೇ ಬಂದು ನಮ್ಮ ಜಗಲಿ ಮೇಲೆ ಕೂತಿರ್ತಾಳೆ. ಅವರಿಗೆ ಸೋಬಾನೆ ಪದ ಬರುತ್ತೆ, ಪಾತ್ರೆ ತೊಳೀತಾ ಒಮ್ಮೊಮ್ಮೆ ಗುನುಗ್ತಾರೆ, ನಾವು ಹತ್ತಿರ ಹೋದರೆ ನಿಲ್ಲಿಸಿಬಿಡ್ತಾರೆ. ಬಿಟ್ಟುಕೊಡೋಕೆ ಅವರಿಗೆ ಮಂಗಳವಾರವೇ ಇಲ್ಲ, ಮಂಡಳಿಯೂ ಇಲ್ಲ. ಮಂಡ್ಯ, ಚಾಮರಾಜನಗರದ ಕಡೆಯಿಂದ ಬಂದ ಗೆಳೆಯರು ನಮ್ಮ ಹಾಸ್ಟೆಲಿನಲ್ಲೇ ಎಷ್ಟು ಜನ ಇದ್ದೀರಿ. ನಿಮ್ಮ ಅಜ್ಜಿಗೆ ಬರೋ ಮಾದಪ್ಪನ ಪದ, ಮದುವೆ ಹಸೆಯ ಹಾಡು ಯಾವ ನೊಟೇಶನ್ ಪುಸ್ತಕದಲ್ಲೂ ಇಲ್ಲದೇ ಇರಬಹುದು. ಅವರ ವಾರ ಹೇಗಿರುತ್ತೆ ಅಂತ ನೀವೇ ಬರೆಯಬೇಕು, ನಾನು ಬರೆದರೆ ಅದು ಊಹೆ ಆಗುತ್ತೆ.

ಶನಿವಾರ ಅಜ್ಜಿ ಹಾಡಿದರು. ಮೊದಲ ಸಾಲಿನಲ್ಲಿ ದನಿ ಸ್ವಲ್ಪ ನಡುಗಿತು, ಎರಡನೇ ಸಾಲಿಗೆ ಕೂತಿತು. ಹುಡುಗ ಮುಂದಿನ ಸಾಲಿನಲ್ಲಿ ತಾಳ ಹಾಕೋಕೆ ಕೈ ಎತ್ತಿಕೊಂಡು ಕೂತಿದ್ದ. ಉಗಾಭೋಗಕ್ಕೆ ತಾಳ ಇಲ್ಲವಲ್ಲ, ಎಲ್ಲಿ ಹೊಡೆಯಬೇಕೋ ಗೊತ್ತಾಗದೆ ಅಜ್ಜಿಯ ಮುಖವನ್ನೇ ನೋಡ್ತಿದ್ದ. ದೇವರನಾಮ ಶುರುವಾದಾಗ ಕೈ ಇಳೀತು. ಆಮೇಲೆ ಮೂರು ಲೋಟ ಪಾನಕ ಕುಡಿದ.

ಈ ಸೆಮಿಸ್ಟರ್ ರಜೆಯಲ್ಲಿ ನಿಮ್ಮಲ್ಲಿ ಹಲವರು ಅಜ್ಜಿ ಮನೆಗೆ ಹೋಗ್ತೀರಿ, ಅಲ್ಲಿ ಯಾವುದೋ ಚಿಕ್ಕಪ್ಪನ ಮಗು, ಅತ್ತೆ ಮಗು ಇದ್ದೇ ಇರುತ್ತೆ. ಹೋದ ದಿನವೇ ಅಜ್ಜಿಯ ಪಾಠ ಯಾವತ್ತು, ಪ್ರ್ಯಾಕ್ಟೀಸ್ ಎಷ್ಟು ಹೊತ್ತಿಗೆ ಅಂತ ಕೇಳಿ. ಆ ಹೊತ್ತಿಗೆ ಮಗು ನಿಮ್ಮ ಜವಾಬ್ದಾರಿ, ಇಲ್ಲಾ ಸ್ಕೂಟರಿನಲ್ಲಿ ಇಬ್ಬರನ್ನೂ ಡ್ರಾಪ್ ಮಾಡಿ. ಹಾಡಿದ್ದನ್ನ ರೆಕಾರ್ಡ್ ಮಾಡೋದಾದರೆ ಕೇಳಿ ಮಾಡಿ, ಯಾರಿಂದ ಕಲಿತದ್ದು ಅಂತ ಫೈಲಿನ ಹೆಸರಲ್ಲೇ ಬರೆದಿಡಿ. ಸಂಜೆ ಕಚೇರಿಗೆ ಹೋಗೋ ಪ್ಲಾನ್ ಇದ್ದರೆ ಮೆಟ್ರೋ ಕಾರ್ಡಿನಲ್ಲಿ ದುಡ್ಡಿದೆಯಾ ನೋಡಿ. ನಮ್ಮ ಅಜ್ಜಿಯ ಕಾರ್ಡ್ ಯಾವಾಗಲೂ ಖಾಲಿ.