ನಾಕೌಟ್ ಪಂದ್ಯಗಳ ಭವಿಷ್ಯ: ಲೆಕ್ಕವೆಷ್ಟು, ಊಹೆಯೆಷ್ಟು?

ರಣಜಿ ಟ್ರೋಫಿಯ ನಾಕೌಟ್ ಹಂತ ಸಮೀಪಿಸಿತೆಂದರೆ ಪುಣೆಯ ಖರಾಡಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಒಂದು ಸೌಮ್ಯ ಗಡಿವಿವಾದ ತಲೆಯೆತ್ತುತ್ತದೆ. ಹಿರಿಯರು ಕರ್ನಾಟಕದ ಪಕ್ಷ, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಮಹಾರಾಷ್ಟ್ರದ ಪಕ್ಷ. ವಾದ ಪ್ರೀತಿಯದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಮೊಬೈಲಿನ ಮೂಲಕ ಮೂರನೆಯವರೊಬ್ಬರು ಈ ವಾದದ ನಡುವೆ ಬಂದು ಕುಳಿತಿದ್ದಾರೆ: ಗೆಲ್ಲುವ ತಂಡವನ್ನು ಖಚಿತವಾಗಿ ಹೇಳುತ್ತೇವೆನ್ನುವ ಭವಿಷ್ಯಕಾರರು. ಆಗಷ್ಟೇ ಸಂಬಳ ಕಾಣತೊಡಗಿದ ತರುಣರು ಇವರನ್ನು ನಂಬಿ ಹಣ ಕಟ್ಟುವುದುಂಟು. ಆದ್ದರಿಂದ ಇಂತಹ ಭವಿಷ್ಯ ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ಪರಿಶೀಲಿಸುವುದು ಅಗತ್ಯ.

ಮೊದಲು ಸರಳ ಗಣಿತ. ಎಂಟು ತಂಡಗಳ ನಾಕೌಟ್‌ನಲ್ಲಿ ಪ್ರಶಸ್ತಿಗೆ ಸತತ ಮೂರು ಗೆಲುವು ಬೇಕು. ಪ್ರತಿ ಎದುರಾಳಿಯ ಮೇಲೂ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಇರುವ ಬಲಿಷ್ಠ ತಂಡವೊಂದನ್ನು ಊಹಿಸಿಕೊಳ್ಳಿ. ಮೂರನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 22ರಷ್ಟೂ ಅಲ್ಲ, ನಿಖರವಾಗಿ 21.6. ಲೀಗ್ ಹಂತದಲ್ಲಿ ಒಂದು ದಿನದ ದುರದೃಷ್ಟವನ್ನು ಮತ್ತೊಂದು ದಿನ ಸರಿದೂಗಿಸಬಹುದು. ನಾಕೌಟ್‌ನಲ್ಲಿ ಆ ಅವಕಾಶವಿಲ್ಲ.

ತಂಡಗಳ ಬಲವನ್ನು ಅಳೆಯುವ ಶಾಸ್ತ್ರೀಯ ವಿಧಾನ ಇಲ್ಲವೆಂದಲ್ಲ. ಹಂಗೇರಿ ಮೂಲದ ಅಮೆರಿಕನ್ ಭೌತವಿಜ್ಞಾನಿ ಅರ್ಪಾದ್ ಎಲೋ ಚದುರಂಗಕ್ಕಾಗಿ ರೂಪಿಸಿದ ಶ್ರೇಯಾಂಕ ಪದ್ಧತಿಯ ಮಾದರಿಯನ್ನೇ ಫುಟ್‌ಬಾಲ್‌ನ ಫಿಫಾ ಸಂಸ್ಥೆ 2018ರಲ್ಲಿ ಸ್ವೀಕರಿಸಿತು. ಇದರ ಪ್ರಕಾರ 100 ಅಂಕ ಮುಂದಿರುವವರು ಸರಾಸರಿ ನೂರಕ್ಕೆ 64ರಷ್ಟು, 200 ಅಂಕ ಮುಂದಿರುವವರು 76ರಷ್ಟು ಫಲ ಪಡೆಯುತ್ತಾರೆ. 76ರ ಬಲವಿದ್ದರೂ ಸತತ ಮೂರು ಗೆಲುವಿನ ಸಾಧ್ಯತೆ 44ಕ್ಕಿಳಿಯುತ್ತದೆ, ಅಂದರೆ ಅರ್ಧಕ್ಕೂ ಕಡಿಮೆ. ಎಲೋ ಪದ್ಧತಿಯ ತವರಾದ ಚದುರಂಗದಲ್ಲಿಯೇ 2025ರ ಮಹಿಳಾ ವಿಶ್ವಕಪ್ಪನ್ನು ಗೆದ್ದವರು ಹದಿನೈದನೆಯ ಶ್ರೇಯಾಂಕದ, ನಾಗಪುರದ ದಿವ್ಯಾ ದೇಶಮುಖ್.

ಕ್ರಿಕೆಟ್ಟಿನಲ್ಲಿ ಬಲ್ಲವರು ನೆಚ್ಚುವ ಸೂಚಕ ಮೊದಲ ಇನ್ನಿಂಗ್ಸ್ ಮುನ್ನಡೆ. ರಣಜಿ ನಾಕೌಟ್ ಪಂದ್ಯ ಡ್ರಾ ಆದರೆ ಮುನ್ನಡೆ ಪಡೆದವರೇ ಮುಂದಕ್ಕೆ ಹೋಗುವುದರಿಂದ ಇದು ಸಹಜವೇ. 2014ರಲ್ಲಿ ಹೈದರಾಬಾದಿನ ಫೈನಲ್‌ನಲ್ಲಿ ಮಹಾರಾಷ್ಟ್ರದ 305ಕ್ಕೆ ಉತ್ತರವಾಗಿ ಕರ್ನಾಟಕ 515 ರನ್ ಪೇರಿಸಿ ಏಳು ವಿಕೆಟ್‌ಗಳಿಂದ ಗೆದ್ದಿತು. ಆದರೆ ಆ ಫೈನಲ್‌ಗೆ ಮಹಾರಾಷ್ಟ್ರ ಬಂದದ್ದೇ ಹಾಲಿ ಚಾಂಪಿಯನ್ ಮುಂಬಯಿಯನ್ನು ವಾಂಖೆಡೆಯಲ್ಲಿ ಸೋಲಿಸಿ! ಇನ್ನು 2017ರ ಡಿಸೆಂಬರಿನ ಸೆಮಿಫೈನಲ್ ನೆನೆದರೆ ನಮ್ಮ ಹಿರಿಯರಿಗೆ ಈಗಲೂ ಸಂಕಟ. ಕೋಲ್ಕತ್ತದಲ್ಲಿ ವಿದರ್ಭದ ವಿರುದ್ಧ ಕರ್ನಾಟಕಕ್ಕೆ 116 ರನ್ನುಗಳ ಮುನ್ನಡೆಯಿತ್ತು, ಗೆಲುವಿಗೆ ಬೇಕಾದದ್ದು 198. ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು, ಕರ್ನಾಟಕ ಐದು ರನ್ನುಗಳಿಂದ ಸೋತಿತು. 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ನಡೆದ ಸೆಮಿಫೈನಲ್‌ನಲ್ಲಿ 39 ರನ್ ಮುನ್ನಡೆಯ ನಂತರವೂ ಸೌರಾಷ್ಟ್ರದ ಚೇತೇಶ್ವರ ಪೂಜಾರ ಅಜೇಯ 131 ಗಳಿಸಿ ಪಂದ್ಯವನ್ನು ಕಸಿದುಕೊಂಡರು. ತವರು ನೆಲವೂ ಮುನ್ನಡೆಯೂ ಕೂಡಿಯೂ ಸಾಲಲಿಲ್ಲ.

ನಮ್ಮ ನಗರದ ಇನ್ನೊಂದು ತುದಿಯ ಗಹುಂಜೆ ಕ್ರೀಡಾಂಗಣ ಇದಕ್ಕಿಂತ ಸೂಕ್ಷ್ಮವಾದ ಪಾಠವೊಂದನ್ನು ಕಂಡಿದೆ. 2025ರ ಫೆಬ್ರುವರಿಯ ಕ್ವಾರ್ಟರ್ ಫೈನಲ್‌ನಲ್ಲಿ ಜಮ್ಮು ಮತ್ತು ಕಾಶ್ಮೀರ 280 ರನ್ ಗಳಿಸಿತ್ತು. ಕೇರಳ 200ಕ್ಕೆ ಒಂಬತ್ತು ವಿಕೆಟ್ ಕಳೆದುಕೊಂಡಿತ್ತು. ಕೊನೆಯ ಜೋಡಿ ಸಲ್ಮಾನ್ ನಿಜಾರ್ ಮತ್ತು ಬಾಸಿಲ್ ಥಂಪಿ 81 ರನ್ ಕೂಡಿಸಿದರು. ಪಂದ್ಯ ಡ್ರಾ ಆಯಿತು, ಒಂದೇ ಒಂದು ರನ್ನಿನ ಮುನ್ನಡೆಯಿಂದ ಕೇರಳ ಮುಂದೆ ಸಾಗಿತು. ಸೆಮಿಫೈನಲ್‌ನಲ್ಲಿ ಗುಜರಾತಿನ ಮೇಲೆ ದೊರೆತ ಮುನ್ನಡೆ ಎರಡು ರನ್. ಹೀಗೆ ಮೂರು ರನ್ನುಗಳ ಬಲದಿಂದ ತಂಡವೊಂದು ತನ್ನ ಮೊಟ್ಟಮೊದಲ ರಣಜಿ ಫೈನಲ್ ತಲುಪಿತು. ಇದನ್ನು ಮುಂಗಾಣಬಲ್ಲ ಗಣಕಯಂತ್ರ ಯಾವುದಿದೆ?

ಹಾಗಿದ್ದರೆ ಭವಿಷ್ಯಕಾರರ ಮಾತು ಕೆಲವರಿಗೆ ನಿಜವಾಗುವುದು ಹೇಗೆ? ತಂತ್ರ ಹಳೆಯದು. 800 ಜನರಲ್ಲಿ ಅರ್ಧ ಮಂದಿಗೆ ಒಂದು ತಂಡದ ಹೆಸರು, ಉಳಿದರ್ಧಕ್ಕೆ ಎದುರಾಳಿಯ ಹೆಸರು ಕಳುಹಿಸಿದರಾಯಿತು. ಕ್ವಾರ್ಟರ್ ಫೈನಲ್ ಮುಗಿದಾಗ 400 ಜನರಿಗೆ ಅದು ಸರಿ. ಅವರನ್ನೇ ಮತ್ತೆ ಇಬ್ಭಾಗಿಸಿದರೆ ಸೆಮಿಫೈನಲ್ ನಂತರ 200, ಫೈನಲ್ ನಂತರ 100. ಈ ನೂರು ಜನರ ಪಾಲಿಗೆ ಆತ ತ್ರಿಕಾಲಜ್ಞಾನಿ! ಮುಂದಿನ ಸಲಹೆಗೆ ಶುಲ್ಕ ತೆರುವವರು ಇವರೇ. 2010ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಎಂಟಕ್ಕೆ ಎಂಟೂ ಸರಿ ಹೇಳಿದ ಜರ್ಮನಿಯ ಆಕ್ಟೋಪಸ್ ಪಾಲ್ ಎಲ್ಲರಿಗೂ ನೆನಪಿದೆ. 2008ರ ಯೂರೋ ಫೈನಲ್‌ನಲ್ಲಿ ಅದೇ ಪಾಲ್ ತಪ್ಪಿದ್ದು ಯಾರಿಗೂ ನೆನಪಿಲ್ಲ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಲಿ ಅದೃಷ್ಟದವಾಗಲಿ, ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಖಾಸಗಿ ಸಂದೇಶಗಳಲ್ಲಿ ಹರಿದಾಡುವ ಸಲಹೆಗಳನ್ನು ಕಾಯ್ದೆಯೊಂದೇ ತಡೆಯಲಾರದು. ಅದಕ್ಕಿಂತ ಮನೆಯಲ್ಲಿಯೇ ಮಾಡಬಹುದಾದ ಕೆಲಸವೊಂದಿದೆ. ಪಂದ್ಯಕ್ಕೆ ಮುನ್ನ ಮಕ್ಕಳು, ಹಿರಿಯರು ತಮ್ಮ ತಮ್ಮ ಊಹೆಯನ್ನು "ಗೆಲ್ಲುತ್ತದೆ" ಎಂದಲ್ಲದೆ "ನೂರಕ್ಕೆ ಇಷ್ಟು" ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ನೂರಕ್ಕೆ 60 ಎಂದು ಬರೆದ ಪಂದ್ಯಗಳಲ್ಲಿ ಹತ್ತಕ್ಕೆ ಸುಮಾರು ಆರು ನಿಜವಾದರೆ ಊಹೆ ಒಳ್ಳೆಯದು; ಒಂಬತ್ತು ನಿಜವಾದರೆ ಬರೆದವರು ತೀರಾ ಅಂಜುಬುರುಕರು. ಎರಡು ಋತು ಕಳೆದರೆ ಅಜ್ಜನ ಲೆಕ್ಕ ಗಟ್ಟಿಯೋ ಮೊಮ್ಮಗಳದೋ ಎಂಬುದು ನೋಟ್‌ಬುಕ್ಕಿನಲ್ಲಿಯೇ ಕಾಣಿಸುತ್ತದೆ.